ಕಸದ ಆಟೋದ ಮೈಕು

“ಎದೆ ಗಂಟು ನೋಡೋಕೆ ಡಾಕ್ಟ್ರಮ್ಮ ಬಂದಿದ್ರಂತಲ್ಲ. ನೀನ್ಯಾಕ್ಲಾ ಊರೆಲ್ಲಾ ಬರೀ ಬಿಪಿ, ಶುಗರ್ರು ಅಂತ ಕೂಗ್ಕೊಂಡ್ ಬಂದೆ?”

ಅಕ್ಕ ನಾಗಲಕ್ಷ್ಮಿ ಕಸದ ಆಟೋಗೆ ಅಡ್ಡ ನಿಂತು ಕೇಳಿದಾಗ ಭೀಮ ಮೈಕನ್ನು ತೊಡೆಯ ಮೇಲಿಳಿಸಿದ. ‘ಸ್ತನ ಕ್ಯಾನ್ಸರ್ ತಪಾಸಣೆ’ ಎಂದೇ ಕೂಗಬೇಕೆಂದು ಆಸ್ಪತ್ರೆಯ ನರ್ಸಮ್ಮ ಬೆಳಿಗ್ಗೆ ಹೇಳಿಕೊಟ್ಟಿದ್ದರು. ದುದ್ದ ಊರಿನ ಈ ಟೀ ಅಂಗಡಿ ಮುಂದೆ ಕೂತ ಗಂಡಸರನ್ನು ಕಂಡದ್ದೇ ಆ ಮಾತನ್ನು ಅವನು ಬಿಟ್ಟುಬಿಟ್ಟಿದ್ದ. ಬಿಪಿ, ಶುಗರ್ ಎಂದು ಕೂಗುವುದು ಸಲೀಸಾಗಿತ್ತು.

“ನಾಚ್ಕೆ ಆಯ್ತು ಕಣಕ್ಕ. ಯಾಕೆ, ನಿಂಗೇನಾರ...”

“ಉಗಾದಿಯಿಂದ ಐತೆ,” ಎಂದಳು, ಸೆರಗನ್ನು ಎಡಗಡೆ ಎದೆಗೆ ಒತ್ತಿಕೊಂಡು.

ತಪಾಸಣೆ ನಡೆದಿದ್ದ ಎದುರಿನ ಶಾಲೆಯ ಗೇಟಿನಿಂದ ಆಸ್ಪತ್ರೆಯ ವ್ಯಾನು ಹೊರಬಿದ್ದು ಹಾಸನದ ರಸ್ತೆಗೆ ತಿರುಗುತ್ತಿತ್ತು. ಭೀಮ ಗಡಿಬಿಡಿಯಲ್ಲಿ ಮೈಕು ಆನ್ ಮಾಡಿ ಬಾಯಿಗೆ ಹಿಡಿದ. ಟೀ ಅಂಗಡಿಯವರು ತಿರುಗಿ ನೋಡಿದರು. ಊರಿಗೆಲ್ಲ ಅವನ ಉಸಿರಷ್ಟೇ ಕೇಳಿಸಿತು.

ನಾಗಲಕ್ಷ್ಮಿ ಅವನ ಕೈಯಿಂದ ಮೈಕು ಕಿತ್ತುಕೊಂಡಳು.

“ಡಾಕ್ಟ್ರಮ್ಮಾ, ಓಗ್ಬ್ಯಾಡಿ, ವ್ಯಾನ್ ನಿಲ್ಸಿ! ನನ್ನ ಮೊಲೇಲಿ ಗಂಟೈತೆ!”

ವ್ಯಾನು ನಿಂತಿತು. ಭೀಮನಿಗೆ ತಲೆ ಎತ್ತಲಾಗಲಿಲ್ಲ.