ಹೇಗಿದೆ ಭಾಷಣ?

ಇಸ್ಲಾಮಿನ ಬಗ್ಗೆ ಎಲ್ಲೇ ಭಾಷಣವಿರಲಿ, ಮೌಲವಿಗಳು ಮೊದಲೇ ಅದನ್ನು ಮಗಳ ಮುಂದೆ ಒಪ್ಪಿಸುತ್ತಿದ್ದರು. ವಾದ ಸಡಿಲವಾದಲ್ಲಿ ಅವಳು ಮುಲಾಜಿಲ್ಲದೆ ತಡೆಯುತ್ತಿದ್ದಳು.

"ಹುಡುಗಿ ಒಪ್ಪದೆ ನಿಕಾಹ್ ಆಗೋದೇ ಇಲ್ಲ. ಹೆತ್ತ ತಂದೆಗೂ ಬಲವಂತ ಮಾಡೋ ಹಕ್ಕಿಲ್ಲ. ನಮ್ಮ ಧರ್ಮ ಹೆಣ್ಣಿಗೆ ಕೊಟ್ಟ ಮರ್ಯಾದೆ ಇದು!" ಮೌಲವಿಗಳು ಕೈಯೆತ್ತಿ ಮುಗಿಸಿದರು. "ಹೇಗಿದೆ?"

"ಮಾತು ಚೆನ್ನಾಗಿದೆ ಅಬ್ಬಾ. ಆದ್ರೆ ನಂಬಿಕೆ ಬರ್ತಿಲ್ಲ."

"ಪ್ರವಾದಿಗಳ ಮಾತು, ಹದೀಸಿನ ಆಧಾರನೇ ಕೊಟ್ಟೆನಲ್ಲ! ಇನ್ನೇನು ಬೇಕು ನಿನಗೆ?"

ಮಗಳು ಮದರಂಗಿ ಇನ್ನೂ ಒಣಗದ ಕೈಗಳನ್ನು ಮಡಿಲಿನಿಂದ ಎತ್ತಿ ಹಿಡಿದಳು.

"ನಾಳೆ ನನ್ನ ಒಪ್ಪಿಗೆ ಕೇಳೋಕೆ ಸಾಕ್ಷಿಗಳು ಬರ್ತಾರಲ್ಲ, ನಾನು 'ಇಲ್ಲ' ಅಂತೀನಿ. ಆಗ ಬೀಗರ ಮುಂದೆ ನಿಂತು ಇದೇ ಭಾಷಣ ಮಾಡಿ ಅಬ್ಬಾ, ನಂಬ್ತೀನಿ."