ಮೇಲೆದ್ದ ತಟ್ಟೆ

ಹಸಿ ಸುಣ್ಣದ ವಾಸನೆ ಬಂದರೆ ನನಗೆ ಈಗಲೂ ನಮ್ಮೂರು ಕೋಡಿಯ ಆ ದಿನ ನೆನಪಾಗುತ್ತದೆ. ಅದರಲ್ಲಿ ನಡೆದದ್ದೆಷ್ಟು, ಆಮೇಲೆ ನಾನೇ ಸೇರಿಸಿದ್ದೆಷ್ಟು ಎಂದು ಮಾತ್ರ ಗೊತ್ತಿಲ್ಲ.

ಹೊಳೆಯಲ್ಲಿ ಆರಿಸಿದ ಒಂದು ಬುಟ್ಟಿ ಕಪ್ಪೆಚಿಪ್ಪನ್ನು ಅಮ್ಮ ಸುಣ್ಣ ಸುಡುವ ತನ್ನ ಅಣ್ಣನಿಗೆ ಕೊಟ್ಟಿದ್ದಳು. ಮರಳಿ ಬಂದ ಸುಣ್ಣ ಅರ್ಧಕ್ಕಿಂತ ತುಸು ಹೆಚ್ಚಷ್ಟೇ ತೂಗಿತು. "ಉಳ್ದದ್ದ್ ನಿನ್ನ ಮಾವನ ಹೊಟ್ಟಿಗ್ ಹೋಯ್ತ್," ಎಂದವಳು ಅಣ್ಣನ ಜೊತೆ ಮಾತೇ ಬಿಟ್ಟಳು.

ವಸ್ತುವನ್ನು ಸುಟ್ಟರೂ ಒಟ್ಟು ತೂಕ ನಾಶವಾಗುವುದಿಲ್ಲ, ರೂಪ ಬದಲಾಗುತ್ತದಷ್ಟೇ ಎಂದು ಶಾಲೆಯಲ್ಲಿ ಕಲಿತಿದ್ದೆ. ಮಾವ ಕಳ್ಳನಲ್ಲ ಎಂದು ತೋರಿಸಿಯೇ ಸಿದ್ಧ ಎಂದು ಹಟ ಹಿಡಿದೆ. ಅಮ್ಮ ಮೀನು ತೂಗುವ ತಕ್ಕಡಿಯ ಎರಡೂ ತಟ್ಟೆಗೆ ಸಮನಾಗಿ ಚಿಪ್ಪು ಹಾಕಿದೆ. ಒಂದು ಪಾಲನ್ನು ತೆಂಗಿನ ಗೆರಟೆಯ ಕೆಂಡದಲ್ಲಿ ಹೂತು, ಕಣ್ಣು ಉರಿದರೂ ಬಿಡದೆ ಸಂಜೆಯವರೆಗೆ ಊದಿದೆ.

"ಹ್ವಾಯ್, ಮುಖ ಎಲ್ಲ ಮಸಿ ಆಯ್ತ್. ಸಾಕ್ ಮಾಡ್ ಹೆಣ್ಣೇ," ಅಂದಳು ಅಮ್ಮ.

"ನೀ ಇಲ್ಲೇ ಕೂತ್ಕೋ. ಯಾರೂ ಒಂದ್ ಚೂರೂ ಮುಟ್ಟುಕಾಗ."

ಬೆಳ್ಳಗಾದ ಚಿಪ್ಪು ತಣಿದ ಮೇಲೆ ಒಂದು ಚೂರೂ ಬಿಡದೆ ಖಾಲಿ ತಟ್ಟೆಗೆ ಸುರಿದೆ. ತಟ್ಟೆ ಮೇಲೆದ್ದಿತು.

"ಇದನ್ನ್ ಯಾರ್ ಕದ್ದದ್ ಅಮ್ಮ?"

"ಮತ್ತೆ ಎಲ್ಲ್ ಹೋಯ್ತ್?"

"ಗಾಳಿ ಆಯ್ ಹೋಯ್ತ್. ಆ ಗಾಳಿ ಹಿಡ್ದ್ ತೂಗಿದ್ರೆ ಲೆಕ್ಕ ಸಮ ಆತ್ತ್."

"ಗಾಳಿ ಹಿಡುಕೆ ಹೊರ್ಟಳ್ ಕಾಣ್!" ಅಮ್ಮ ನಕ್ಕಳೋ ಬೈದಳೋ, ನೆನಪಿಲ್ಲ. ಮೇಲೆದ್ದ ತಟ್ಟೆಯನ್ನು ಬೆರಳಿನಿಂದ ಒತ್ತಿ ಬಿಟ್ಟಳು. ಅದು ಮತ್ತೆ ಎದ್ದಿತು. ಆಮೇಲೆ ಮೀನಿನ ಬುಟ್ಟಿಯಿಂದ ದೊಡ್ಡ ಬಂಗುಡೆಗಳನ್ನೇ ಆರಿಸಿ, ತೂಗದೆ, ಬಾಳೆಎಲೆಯಲ್ಲಿ ಕಟ್ಟಿದಳು.

"ಮಾವಂಗ್ ಕೊಟ್ಟ್ ಬಾ."