ಪಂಕ್ತಿಯ ಐದನೆಯವನು

ಮೂರನೆಯ ತಾಟಿನ ಮುಂದೆ ಕೂತಿದ್ದ ಹಣಮಂತಪ್ಪ ಕೊರಳಿನ ಬಟ್ಟೆಯ ಗಂಟನ್ನು ನೆಲದ ಮೇಲಿಟ್ಟು ನೀರಿನ ತಂಬಿಗೆ ಎತ್ತಿದ. ಬಡಿಸುತ್ತಿದ್ದ ಗುರುಲಿಂಗಮ್ಮನ ಕೈ ಅಲ್ಲೇ ನಿಂತಿತು. ಸೊಲ್ಲಾಪುರದ ಗಿರಣಿ ಓಣಿಯ ಆ ಖಾನಾವಳಿಯಲ್ಲಿ ಉಣ್ಣುವ ಮುಂಚೆ ಪ್ರತಿಯೊಬ್ಬನೂ ತನ್ನ ಕೊರಳ ಗಂಟಿನೊಳಗಿನ ಲಿಂಗವನ್ನು ಎಡ ಅಂಗೈಯಲ್ಲಿ ಹಿಡಿದು ಕಣ್ಣು ಮುಚ್ಚಬೇಕು. ಅದು ನೆಲಕ್ಕೆ ತಾಗಿತೋ, ಕಟ್ಟಿಕೊಂಡವನು ಅವತ್ತು ನೀರೂ ಮುಟ್ಟುವುದಿಲ್ಲ. ಇವನು ನೆಲಕ್ಕಿಟ್ಟು ಗಟಗಟ ಕುಡಿಯುತ್ತಿದ್ದ.

ಐದನೆಯ ತಾಟಿನ ಮುಂದಿದ್ದ ಧೂಳಪ್ಪ ಅವಳ ಕೈ ನಿಂತದ್ದನ್ನು ಕಂಡ. ತನ್ನ ಗಂಟನ್ನೂ ಕೆಳಗಿಡಲು ಅವನ ಕೈ ಅರ್ಧ ಇಳಿದಿತ್ತು. ಹಾಗೇ ಮೇಲೆತ್ತಿ ಮುಷ್ಟಿ ಬಿಗಿದ. ಅವನ ಗಂಟಿನೊಳಗೆ ಇದ್ದದ್ದು ಒಂದು ಅಡಿಕೆ.

ತಡವಳದ ಕುರಿ ಕಾಯುವವರ ಮಗ ಅವನು. ಅಕ್ಕಲಕೋಟೆ ಸಂಸ್ಥಾನದೊಳಗೆ ಯಾರ ಬಾವಿಗೆ ಹೋಗಬಾರದು, ಯಾರ ಮುಂದೆ ಚಪ್ಪಲಿ ಬಿಡಬೇಕು ಎಲ್ಲ ಗೊತ್ತಿತ್ತು. ಗಡಿ ದಾಟಿ ಇಂಗ್ರೇಜರ ಸೀಮೆಗೆ ಬಂದರೆ ಇಲ್ಲಿನ ಕಾನೂನೇ ಬೇರೆ. ಮಗ್ಗ ಯಾರ ಜಾತಿಯನ್ನೂ ಕೇಳುವುದಿಲ್ಲ, ಉಣ್ಣುವ ಸಾಲು ಕೇಳುತ್ತದೆ. ಮುಕಾದಮ ಕಲ್ಯಾಣಪ್ಪ ಗಿರಣಿಗೆ ಆಳು ಸೇರಿಸಿಕೊಳ್ಳುತ್ತಿದ್ದದ್ದು ಈ ಸಾಲಿನಿಂದಲೇ. ಮಲಗಲು ಅಟ್ಟದ ಮೇಲೆ ಜಾಗ ಸಿಗುತ್ತಿದ್ದದ್ದೂ ಈ ಸಾಲಿನವರಿಗೇ. ಗಿರಣಿಯಲ್ಲಿದ್ದ ಊರ ಲಿಂಗವಂತನೊಬ್ಬ ಧೂಳಪ್ಪನಿಗೆ ಎಲ್ಲ ಕಲಿಸಿ ಕಳಿಸಿದ್ದ. ಹಣೆಗೆ ಮೂರು ಬೆರಳಿನ ವಿಭೂತಿ, ಎಡ ಅಂಗೈ, ಮುಚ್ಚಿದ ಕಣ್ಣು, ಬಾಡಿನ ಸುದ್ದಿ ಬಾಯಲ್ಲಿ ಬರಬಾರದು. ನೆಲದ ಮಾತು ಮಾತ್ರ ಹೇಳಿರಲಿಲ್ಲ. ಹುಟ್ಟಿದಾಗಿನಿಂದ ಲಿಂಗ ಕಟ್ಟಿಕೊಂಡವನಿಗೆ ಅದನ್ನೂ ಹೇಳಬೇಕೆಂದು ಹೊಳೆಯುವುದಾದರೂ ಹೇಗೆ?

“ತಮ್ಮಾ, ಅದೇನು ನೆಲಕ್ಕಿಟ್ಟಿ?” ಎಂದಳು ಗುರುಲಿಂಗಮ್ಮ.

“ಕೈ ತೆರವು ಇರಲಿಲ್ರಿ ಅವ್ವಾರ.”

“ಅವನ ದೇವರಿಗೆ ಕೂಡಾಕ ಒಂದು ಮಣೆ ಹಾಕ್ರಿ, ಪಾಪ,” ಎಂದು ಸಾಲಿನ ಕೊನೆಯಿಂದ ಯಾರೋ ಅಂದರು. ನಾಲ್ಕು ಜನ ನಕ್ಕರು. ಎದುರಿಗೆ ಕೂತಿದ್ದ ಮುಕಾದಮ ನಗಲಿಲ್ಲ. ಗಂಟು ಬಿಚ್ಚು ಎಂದ.

ಹಣಮಂತಪ್ಪ ಬಿಚ್ಚಿದ. ಹಳದಿ ಪುಡಿ ನೆಲಕ್ಕೆ ಸುರಿಯಿತು. ಕುರಿಯವರು ಹಣೆಗೆ ಹಚ್ಚಿಕೊಳ್ಳುವ ಬೀರೋಬನ ಭಂಡಾರ. ಗುರುಲಿಂಗಮ್ಮ ಓಣಿಯ ಬಾಗಿಲ ಕಡೆ ನೋಡಿದಳು. ಗಂಡ ಸತ್ತ ಮೇಲೆ ಅವಳ ಹೊಟ್ಟೆ ನಡೆಯುತ್ತಿದ್ದದ್ದು ಈ ತಾಟುಗಳ ಮೇಲೆ. ಕಂಡವರನ್ನೆಲ್ಲ ಸಾಲಿಗೆ ಕೂಡಿಸಿಕೊಂಡಳೆಂದು ಮಠಕ್ಕೆ ಸುದ್ದಿ ಹೋದರೆ ನಾಳೆ ಒಬ್ಬನೂ ಹೊಸ್ತಿಲು ತುಳಿಯುವುದಿಲ್ಲ.

“ಇನ್ನ ಎಷ್ಟ ಮಂದಿ ಅದೀರಿ ಇಂಥಾವ್ರು?” ಎಂದ ಮುಕಾದಮ, ದನಿ ಏರಿಸದೆ. “ಈ ಕಡಿಂದ ಒಬ್ಬೊಬ್ಬರ ಬಿಚ್ಚಿ ತೋರಸ್ರಿ.”

ಮೊದಲನೆಯವನು ಬಿಚ್ಚಿದ. ಲಿಂಗವಿತ್ತು. ಎರಡನೆಯವನದೂ ಇತ್ತು. ನಾಲ್ಕನೆಯವನ ಗಂಟು ಬೆವರಿಗೆ ಬಿಗಿದುಕೊಂಡಿತ್ತು, ಹಲ್ಲಿನಿಂದ ಎಳೆಯತೊಡಗಿದ. ಧೂಳಪ್ಪ ಕಣ್ಣಲ್ಲೇ ದಾರಿ ಅಳೆದ. ಬಾಗಿಲು ಹದಿನೈದು ಹೆಜ್ಜೆ. ಓಡಿದರೆ ಹಿಡಿಯುತ್ತಾರೆ. ಕೂತರೆ ಅಡಿಕೆ.

ಆಗಲೇ ಹಣಮಂತಪ್ಪ ತಲೆಯೆತ್ತಿ ಅವನನ್ನೇ ನೋಡಿದ. ಎರಡು ವರ್ಷದ ಹಿಂದೆ ಮಂದ್ರೂಪದ ಹೊಲವೊಂದರಲ್ಲಿ ಇಬ್ಬರೂ ಗೊಬ್ಬರಕ್ಕೆಂದು ತಮ್ಮ ಕುರಿಹಿಂಡುಗಳನ್ನು ರಾತ್ರಿ ಒಟ್ಟಿಗೆ ನಿಲ್ಲಿಸಿದ್ದರು. ಒಂದೇ ತಾಟಿನಲ್ಲಿ ಉಂಡಿದ್ದರು, ಒಂದೇ ಕಂಬಳಿಯಲ್ಲಿ ಮಲಗಿದ್ದರು. ಇಲ್ಲಿ ಮೊದಲ ದಿನ ಮುಖ ಕಂಡಕೂಡಲೇ ಇಬ್ಬರೂ ಬೇರೆ ಕಡೆ ತಿರುಗಿದ್ದರು. ಇಪ್ಪತ್ತು ದಿನ ಒಂದೇ ಸಾಲಿನಲ್ಲಿ ಕೂತರೂ ಒಂದು ಮಾತಾಡಿರಲಿಲ್ಲ.

ನಾಲ್ಕನೆಯವನ ಗಂಟು ಸಡಿಲಾಗುವಷ್ಟರಲ್ಲಿ ಧೂಳಪ್ಪ ಎದ್ದಿದ್ದ. ಬಲಗೈಯಿಂದ ಹಣಮಂತಪ್ಪನ ಅಂಗಿಯ ಕೊರಳಪಟ್ಟಿ ಹಿಡಿದು ಎಳೆದ.

“ನಮ್ಮ ಜಾತಿ ಕೆಡಸಾಕ ಬಂದಿಯೇನಲೇ, ಭಾಡ್ಯಾ?”

ಆ ದನಿ ಯಾರದೆಂದು ಅವನಿಗೇ ತಿಳಿಯಲಿಲ್ಲ. ಕಪಾಳಕ್ಕೆ ಎರಡು ಬಾರಿಸಿದ. ಕಾಲು ಭಂಡಾರವನ್ನು ತುಳಿಯಿತು. ಊರಲ್ಲಿ ಚೆಲ್ಲಿದ ಭಂಡಾರ ಕಂಡರೆ ಬೆಂಕಿ ಕಂಡಂತೆ ಹಿಂದೆ ಸರಿಯುತ್ತಿದ್ದ ಕಾಲು ಅದು. ಒಬ್ಬ ಎದ್ದಮೇಲೆ ಎಲ್ಲರೂ ಎದ್ದರು. ದೇವರನ್ನು ಅಂಗೈಯಲ್ಲಿಟ್ಟು ಈಗಷ್ಟೇ ಕಣ್ಣು ಮುಚ್ಚಿದ್ದವರು, ಅದೇ ಕೈಗಳಿಂದ ಅವನನ್ನು ಗುದ್ದಿದರು. ಹಣಮಂತಪ್ಪ ಕೈ ಎತ್ತಲಿಲ್ಲ. ಧೂಳಪ್ಪ ಅವನನ್ನು ಹೊಸ್ತಿಲವರೆಗೆ ಎಳೆದ. ಈಗ ಹೇಳುತ್ತಾನೆ, ಈಗ ತನ್ನ ಹೆಸರು ಹಿಡಿದು ಕೂಗುತ್ತಾನೆ ಎಂದು ಅವನ ಮೈಯೆಲ್ಲ ಕಿವಿಯಾಗಿತ್ತು. ತುಟಿ ಒಡೆದಿದ್ದ ಹಣಮಂತಪ್ಪ ಹೊಸ್ತಿಲ ಮೇಲೆ ಅವನ ಕಡೆ ಬಾಗಿದ. ಬೇರೆ ಯಾರಿಗೂ ಕೇಳಿಸದಷ್ಟು ಮೆಲ್ಲಗೆ ಅಂದ:

“ನೀ ಹೋಗಿ ಉಣ್ಣು.”

ಗುರುಲಿಂಗಮ್ಮ ಆ ಜಾಗವನ್ನು ಸಗಣಿ ಹಾಕಿ ಸಾರಿಸಿದಳು. ಮೂರನೆಯ ತಾಟು ಹಿತ್ತಲಿಗೆ ಹೋಯಿತು. ಎಲ್ಲರೂ ಒಂದೊಂದು ಜಾಗ ಸರಿದು ಕೂತರು. ಐದನೆಯವನು ನಾಲ್ಕನೆಯವನಾದ. ಅವನ ಗಂಟು ಬಿಚ್ಚಿಸುವುದು ಯಾರಿಗೂ ನೆನಪಾಗಲಿಲ್ಲ. ಅವಳು ಬಿಸಿ ರೊಟ್ಟಿಯನ್ನು ಅವನಿಗೇ ಮೊದಲು ಹಾಕಿ, ಸಮಾಧಾನದಿಂದ ಉಣ್ಣೆಂದು ಹೇಳಿದಳು. ಅವನು ಉಂಡ. ಎಲ್ಲರೂ ನೋಡುತ್ತಿದ್ದರು.

ಗಿರಣಿಯ ಭೋಂಗಾ ಕೂಗಿತು. ಕೈ ತೊಳೆದು ಬಂದ ಮುಕಾದಮ ಅವನ ಹೆಗಲ ಮೇಲೆ ಒದ್ದೆ ಕೈಯಿಟ್ಟ.

“ನಿನ್ನಂಥಾವ್ರು ಬೇಕಪ್ಪಾ. ನಾಳಿಂದ ಬಾಗಲದಾಗ ನೀನ ಕೂಡು. ಹೊಸಬರು ಯಾರು ಬಂದ್ರೂ ಕೊರಳಾಗಿನ ಗಂಟು ನೀನ ಬಿಚ್ಚಿ ನೋಡಬೇಕು.”